ಯಾರ ಒಲೆಯ ಕೆಂಡ?

ಇಬ್ಬರು ಹುಡುಗಿಯರಿದ್ದರು. ಒಬ್ಬಳು ಕೇತಲೆ, ಇನ್ನೊಬ್ಬಳು ಬಿಜ್ಜವ್ವ. ಇಬ್ಬರ ಊರೂ ಒಂದೇ ದಿನ ಹಾಳಾಯಿತು. ಇಬ್ಬರ ತಾಯಂದಿರೂ ಒಂದೇ ದಿನ ಸತ್ತರು. ಇಬ್ಬರೂ ಒಂದೇ ದಾರಿ ಹಿಡಿದು ಒಂದೇ ಬಾಗಿಲಿಗೆ ಬಂದರು. ಮುಂದೆ ಒಬ್ಬಳು ನಾಡು ಕಾಯುವ ವೀರೆಯಾದಳು, ಇನ್ನೊಬ್ಬಳು ನಾಡಿನ ವೈರಿಯಾದಳು. ಮಕ್ಕಳೇ, ನೀವು ನೋಡುವ ಕಾರ್ಟೂನುಗಳಲ್ಲೂ ಹೀಗೇ ತಾನೆ? ನಾಯಕನಿಗೂ ಅವನ ವೈರಿಗೂ ಒಂದೇ ಥರದ ಬಾಲ್ಯ. ಒಬ್ಬನ ಗುಣ ಒಳ್ಳೆಯದು, ಅದಕ್ಕೆ ಗೆದ್ದ. ಇನ್ನೊಬ್ಬನದು ಕೆಟ್ಟದ್ದು, ಅದಕ್ಕೆ ಸೋತ ಎಂದು ಹೇಳಿ ಕೈ ತೊಳೆದುಕೊಳ್ಳುತ್ತಾರೆ. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಅದಕ್ಕೇ ಈ ಕತೆ.

ಆ ನಾಡಿನಲ್ಲಿ ಕಾವಳ ಎಂಬ ಕರಿಮಂಜು ಇತ್ತು. ಬೆಟ್ಟದ ಆಚೆಯಿಂದ ಇಳಿದು ಬಂದು ಒಂದು ಊರಿನ ಮೇಲೆ ಕೂತರೆ ಮುಗಿಯಿತು, ಒಳಗಿದ್ದವರು ಉಳಿಯುತ್ತಿರಲಿಲ್ಲ. ಅದನ್ನು ಹಿಂದಕ್ಕೆ ಅಟ್ಟುವ ಬೆಂಕಿವಿದ್ಯೆ ಗೊತ್ತಿದ್ದುದು ಕೆಂಡಗುಡ್ಡದ ಗುರು ಮಾಚಯ್ಯನಿಗೆ ಮಾತ್ರ. ಆ ವಿದ್ಯೆ ಬೇಕಾದವರು ತಮ್ಮ ಮನೆಯ ಒಲೆಯ ಕೆಂಡವನ್ನು ಮಡಕೆಯಲ್ಲಿಟ್ಟುಕೊಂಡು, ಆರಗೊಡದೆ, ಗುಡ್ಡದ ಬಾಗಿಲಿನವರೆಗೆ ತರಬೇಕು. ಅದೇ ಪರೀಕ್ಷೆ. ಆರಿದ ಮಡಕೆ ತಂದವರಿಗೂ, ಬೇರೆಯವರ ಒಲೆಯ ಬೆಂಕಿ ತಂದವರಿಗೂ ಬಾಗಿಲು ತೆರೆಯುತ್ತಿರಲಿಲ್ಲ.

ಕಾವಳ ಊರಿಗೆ ಬಂದ ಆ ಬೆಳಿಗ್ಗೆ ಕೇತಲೆಗೆ ಹತ್ತು ವರ್ಷ. ಅವಳ ತಾಯಿ ಒಲೆಯಲ್ಲಿದ್ದ ಕೆಂಡವನ್ನೆಲ್ಲ ಮಡಕೆಗೆ ಗೋರಿ, ಮೇಲೆ ಬೂದಿ ಮುಚ್ಚಿ, ಒಂದಿಷ್ಟು ಒಣ ಬೆರಣಿಯನ್ನು ಬಟ್ಟೆಯಲ್ಲಿ ಕಟ್ಟಿ ಮಗಳ ಬೆನ್ನಿಗೆ ಬಿಗಿದಳು. ಹಿತ್ತಲ ಬಾಗಿಲಿನಿಂದ ಆಚೆ ದಬ್ಬಿ, "ಓಡು ಮಗಳೇ, ಹಿಂದೆ ತಿರುಗಬೇಡ," ಎಂದಳು. ಕೇತಲೆ ಓಡಿದಳು. ಆದರೂ ಒಂದು ಸಲ ತಿರುಗಿ ನೋಡಿದಳು. ಊರು ಇರಲಿಲ್ಲ.

ಎರಡು ದಾರಿ ಕೂಡುವಲ್ಲಿ ಇನ್ನೊಬ್ಬ ಹುಡುಗಿ ಸಿಕ್ಕಳು. ಅವಳ ಸೊಂಟದ ಮೇಲೂ ಮಡಕೆ, ಬೆನ್ನ ಮೇಲೂ ಬೆರಣಿಯ ಗಂಟು. ವಯಸ್ಸು ಹನ್ನೆರಡಿರಬಹುದು. ಅವಳೇ ಬಿಜ್ಜವ್ವ. ಒಬ್ಬರ ಮಡಕೆಯನ್ನು ಒಬ್ಬರು ನೋಡಿದರು. ಏನಾಯಿತು ಎಂದು ಕೇಳುವ ಅಗತ್ಯ ಇಬ್ಬರಿಗೂ ಇರಲಿಲ್ಲ. "ಅಳಬೇಡ ಕಣೇ, ಬಾ," ಎಂದು ಬಿಜ್ಜವ್ವ ಅವಳ ಕೈ ಹಿಡಿದಳು. ಕೇತಲೆ ಅವಳನ್ನು ಅಕ್ಕ ಎಂದು ಕರೆದಳು.

ಮೂರು ದಿನದ ದಾರಿ. ಎರಡನೆಯ ದಿನ ಹಳ್ಳ ದಾಟುವಾಗ ಕೇತಲೆಯ ಕಾಲು ಪಾಚಿಗಲ್ಲಿನ ಮೇಲೆ ಜಾರಿತು. ಮಡಕೆ ನೀರಿನಲ್ಲಿ ಮುಳುಗಿ ಚುಂಯ್ ಎಂದಿತು. ಅಷ್ಟೇ. ಅವಳ ತಾಯಿಯ ಒಲೆಯ ಬೆಂಕಿ ಅಲ್ಲಿಗೆ ಮುಗಿಯಿತು. ಬೆನ್ನ ಮೇಲಿದ್ದ ಬೆರಣಿಯೂ ನೆನೆದು ಮತ್ತೆ ಸಗಣಿಯಾಯಿತು. ಕೇತಲೆ ದಡದಲ್ಲಿ ಕೂತು ಎದೆ ಬಡಿದುಕೊಂಡು ಅತ್ತಳು.

ಬಿಜ್ಜವ್ವ ತನ್ನ ಮಡಕೆಯ ಬೂದಿ ಸರಿಸಿದಳು. ಉರಿಯುತ್ತಿದ್ದ ಬೆರಣಿಯನ್ನು ಕಡ್ಡಿಯಿಂದ ಎರಡು ಹೋಳು ಮಾಡಿ, ದೊಡ್ಡ ಹೋಳನ್ನು ನೀರು ಚೆಲ್ಲಿ ಒರೆಸಿದ ಕೇತಲೆಯ ಮಡಕೆಗೆ ಹಾಕಿದಳು. ಒಣ ಬೆರಣಿಯಲ್ಲೂ ಅರ್ಧ ಕೊಟ್ಟಳು.

"ನಿಂಗೆ ಸಾಲದೆ ಹೋದ್ರೆ ಅಕ್ಕ?" ಎಂದಳು ಕೇತಲೆ.

"ಬೆಂಕಿ ಕೊಟ್ರೆ ಕಮ್ಮಿ ಆಗುತ್ತೇನೇ ಪೆದ್ದಿ? ನಮ್ಮವ್ವ ದಿನಾ ನಾಲ್ಕು ಮನೆಗೆ ಕೊಡ್ತಿದ್ಲು," ಎಂದಳು ಬಿಜ್ಜವ್ವ.

ಬೆಂಕಿ ಕಡಿಮೆಯಾಗುವುದಿಲ್ಲ, ನಿಜ. ಬೆರಣಿ ಕಡಿಮೆಯಾಗುತ್ತದೆ. ಒಂದು ಮಡಕೆಗೆ ಸಾಕಾಗುವಷ್ಟು ಬೆರಣಿ ಎರಡಕ್ಕೆ ಎಲ್ಲಿ ಸಾಲುತ್ತದೆ? ಮೂರನೆಯ ದಿನ ಗುಡ್ಡದ ಬುಡಕ್ಕೆ ಬರುವಷ್ಟರಲ್ಲಿ ಬಿಜ್ಜವ್ವನ ಮಡಕೆ ತಣ್ಣಗಾಗಿತ್ತು. ಕೇತಲೆಯ ಮಡಕೆಯಲ್ಲಿ ಅಡಿಕೆಯಷ್ಟು ಗಾತ್ರದ ಒಂದು ಕೆಂಡ ಉಳಿದಿತ್ತು.

"ಕೇತಿ, ಒಂಚೂರು ಕೊಡೇ," ಎಂದಳು ಬಿಜ್ಜವ್ವ.

ಕೇತಲೆ ಕೆಂಡವನ್ನು ನೋಡಿದಳು. ಮುರಿದರೆ ಎರಡೂ ಆರುವಂತಿತ್ತು. "ಇಲ್ಲಿ ಗಾಳಿ ಜಾಸ್ತಿ ಅಕ್ಕ. ಮೇಲೆ ಹೋಗೋಣ. ಬೆಂಕಿ ನಿಂದೇ ಅಂತ ಗುರುಗಳಿಗೆ ನಾನೇ ಹೇಳ್ತೀನಿ," ಎಂದಳು. ಆಗ ಅವಳು ಸುಳ್ಳು ಹೇಳಿರಲಿಲ್ಲ. ಹೇಳಬೇಕೆಂದೇ ಇದ್ದಳು. ಹತ್ತುವಾಗ ದಾರಿಯುದ್ದಕ್ಕೂ ಆ ಮಾತನ್ನೇ ಬಾಯಿಪಾಠ ಮಾಡುತ್ತಿದ್ದಳು.

ಗುಡ್ಡದ ಬಾಗಿಲು ತೆರೆಯಿತು. ಗುರು ಮಾಚಯ್ಯ ಎರಡೂ ಮಡಕೆಗಳನ್ನು ಇಣುಕಿ ನೋಡಿ, ಕೇತಲೆಯನ್ನು ಕೇಳಿದ: "ಇದು ಯಾರ ಒಲೆಯ ಕೆಂಡ?"

ಕೇತಲೆ ಬಾಯಿ ತೆರೆದಳು. ಆಗ ಕೆಳಗೆ ಕಣಿವೆ ಕಾಣಿಸಿತು. ಅವರು ಬಂದ ದಾರಿಯನ್ನು ಕಾವಳ ನೆಕ್ಕುತ್ತಾ ಮೇಲೆ ಬರುತ್ತಿತ್ತು. ನಿಜ ಹೇಳಿದರೆ ಅಕ್ಕ ಒಳಗೆ, ತಾನು ಹೊರಗೆ. ಹೊರಗೆ ಅಂದರೆ ಅದರ ಬಾಯಿಗೆ.

"ನಮ್ಮವ್ವನ ಒಲೇದು," ಎಂದಳು.

ಬಿಜ್ಜವ್ವ ಕೂಗಾಡಲಿಲ್ಲ. ತಂಗಿಗೆ ಗಾಬರಿಯಾಗಿ ಮಾತು ತಪ್ಪಿತೆಂದುಕೊಂಡಳೋ ಏನೋ, ಅವಳ ಮುಖ ನೋಡುತ್ತಾ ಕಾದಳು. "ಕೇತಿ, ಹೇಳೇ," ಎಂದಳು ಮೆಲ್ಲಗೆ.

"ಏನು ಹೇಳಬೇಕು?" ಎಂದ ಗುರು.

"ಏನಿಲ್ಲ ಅಯ್ಯಾ," ಎಂದಳು ಕೇತಲೆ.

ಗುರು ಬಿಜ್ಜವ್ವನ ಕಡೆ ತಿರುಗಿದ. "ತಾಯಿ ಕೊಟ್ಟ ಬೆಂಕೀನೇ ಉಳಿಸಿಕೊಳ್ಳಲಾರದವಳು ಊರು ಹೇಗೆ ಉಳಿಸ್ತೀಯಮ್ಮ? ಹೋಗು," ಎಂದ. ಬಾಗಿಲು ಮುಚ್ಚಿತು. ಆ ಮಹಾನುಭಾವನ ಬಗ್ಗೆ ನನ್ನನ್ನು ಕೇಳಬೇಡಿ. ಹಸಿದು ಬಂದ ಮಕ್ಕಳ ಮಡಕೆ ನೋಡಿದ, ಮುಖ ನೋಡಲಿಲ್ಲ. ಇನ್ನೊಂದು ಮಾತು ಕೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಹೊರಗೆ ನಿಂತ ಮಗು ಎಷ್ಟು ಹೊತ್ತು ಬಾಗಿಲು ಬಡಿಯಿತೆಂದು ಒಳಗಿದ್ದ ಕೇತಲೆಗೆ ಗೊತ್ತು. ಅವಳು ಕಿವಿ ಮುಚ್ಚಿಕೊಂಡಿದ್ದಳು.

ನಾಳೆ ಗುರುಗಳಿಗೆ ಹೇಳುತ್ತೇನೆ ಎಂದುಕೊಂಡಳು. ನಾಳೆ ಎಂದವನ ಮನೆ ಹಾಳು ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ. ನಾಳೆ ಹೋಗಿ ನಾಡಿದ್ದಾಯಿತು, ತಿಂಗಳಾಯಿತು. ಅಷ್ಟರಲ್ಲಿ ಗುರು ಅವಳ ತಲೆ ಸವರಿ, "ನಿನ್ನಂಥ ಶಿಷ್ಯೆ ಸಿಕ್ಕಿರಲಿಲ್ಲ," ಎಂದುಬಿಟ್ಟ. ಆಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಕೊನೆಗೊಂದು ದಿನ ಗುರುವೂ ತೀರಿಕೊಂಡ.

ಇಪ್ಪತ್ತು ವರ್ಷ ಕಳೆಯಿತು. ಆ ಕೆಂಡದ ಬೆಂಕಿಯನ್ನು ಆರಗೊಡದೆ ಕಾಪಾಡಿಕೊಂಡು ಬಂದ ಕೇತಲೆ ಮಡಕೆ ಹಿಡಿದು ನಿಂತರೆ ಕಾವಳ ಹರದಾರಿ ದೂರ ಓಡುತ್ತಿತ್ತು. ಅವಳು ಉಳಿಸಿದ ಊರುಗಳಿಗೆ ಲೆಕ್ಕವಿಲ್ಲ. ಆದರೆ ಕಾವಳಕ್ಕೂ ಈಗ ಒಬ್ಬಳು ಒಡತಿ ಇದ್ದಳು. ಗುಡ್ಡದ ಬಾಗಿಲು ಮುಚ್ಚಿದಾಗ ಹೊರಗುಳಿದ ಬಿಜ್ಜವ್ವನನ್ನು ಕಾವಳ ಕೊಲ್ಲದೆ ಸಾಕಿಕೊಂಡಿತ್ತು. ಅವಳ ಮೈ ಅರ್ಧ ಮಂಜಾಗಿತ್ತು. ಅವಳು ಹೇಳಿದ ಊರಿನ ಮೇಲೆ ಅದು ಹೋಗಿ ಕೂರುತ್ತಿತ್ತು. ಬಿಜ್ಜವ್ವ ಹೀಗೆ ಹನ್ನೊಂದು ಊರು ಅಳಿಸಿದಳು. ಅವಳು ಮಾಡಿದ್ದು ಸರಿ ಎಂದು ನಾನು ಹೇಳುತ್ತಿಲ್ಲ. ಆ ಊರುಗಳಲ್ಲೂ ತಾಯಂದಿರಿದ್ದರು, ಮಕ್ಕಳಿದ್ದರು.

ಹಾಡುಗಾರರು ಇಬ್ಬರ ಕತೆಯನ್ನೂ ಊರೂರಿಗೆ ಹಾಡಿದರು. ಊರು ಕಳೆದುಕೊಂಡಳು, ತಾಯಿ ಕಳೆದುಕೊಂಡಳು, ಮೂರು ದಿನ ಕೆಂಡ ಹೊತ್ತು ನಡೆದಳು ಎಂಬಲ್ಲಿಯವರೆಗೆ ಇಬ್ಬರದೂ ಒಂದೇ ಹಾಡು. ಆಮೇಲೆ, "ಕೇತಲೆ ಜೋಪಾನ ಮಾಡಿದಳು, ಬಿಜ್ಜವ್ವ ಅಸಡ್ಡೆ ಮಾಡಿದಳು" ಎಂದು ಹಾಡುತ್ತಿದ್ದರು. ಆ ಸಾಲು ಬಂದಾಗಲೆಲ್ಲ ಕೇತಲೆ ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗುತ್ತಿದ್ದಳು. ಎಂಥ ವಿನಯ ಎಂದು ಜನ ಮೆಚ್ಚಿಕೊಳ್ಳುತ್ತಿದ್ದರು.

ಒಂದು ಬೇಸಿಗೆಯಲ್ಲಿ, ಬಿಸಿಲಿಗೆ ಕಾವಳ ತೆಳುವಾಗಿದ್ದಾಗ, ಅರಸನ ಸೈನಿಕರಿಗೆ ಬಿಜ್ಜವ್ವ ಸಿಕ್ಕಿಬಿದ್ದಳು. ಕೋಟೆಯ ಮುಂದಿನ ಬಯಲಿಗೆ ಎಳೆದು ತಂದರು. ಇಡೀ ನಾಡು ನೆರೆದಿತ್ತು. ಶಿಕ್ಷೆ ಎಲ್ಲರಿಗೂ ಗೊತ್ತಿದ್ದದ್ದೇ: ಕೇತಲೆ ಮಡಕೆಯ ಮುಚ್ಚಳ ತೆಗೆದು ಎದುರು ಹಿಡಿಯಬೇಕು, ಮಂಜಾದವರು ಕರಗಿ ಹೋಗುತ್ತಾರೆ. ಆದರೆ ಅದಕ್ಕೂ ಮುಂಚೆ ಅರಸ ಒಂದು ಪ್ರಶ್ನೆ ಕೇಳಬೇಕೆಂಬ ಕಟ್ಟಳೆ ಇತ್ತು. ಕೆಂಡ ಯಾರ ಒಲೆಯದೋ ಆ ಮನೆಯವರನ್ನು ಆ ಕೆಂಡದಿಂದ ಕೊಲ್ಲಕೂಡದು. ಅಂಥವರನ್ನು ಬದುಕಿಸಿ ಗುಡ್ಡಕ್ಕೆ ಒಪ್ಪಿಸಬೇಕು.

ಅರಸ ಎದ್ದು ನಿಂತ. "ತಾಯಿ ಕೇತಲೆ, ಕಟ್ಟಳೆ ಇದೆ ಅಂತ ಕೇಳ್ತಿದ್ದೀನಿ, ತಪ್ಪು ತಿಳೀಬೇಡಿ. ಇದು ಯಾರ ಒಲೆಯ ಕೆಂಡ?"

ಬಿಜ್ಜವ್ವ ತಲೆ ಎತ್ತಿದಳು. ಇಪ್ಪತ್ತು ವರ್ಷದ ಹಿಂದೆ ನೋಡಿದ ಹಾಗೇ ನೋಡಿದಳು. "ಕೇತಿ, ಈಗಲಾದ್ರೂ ಹೇಳೇ," ಎಂದಳು. ಜೀವದಾಸೆಗೆ ಗೋಗರೆಯುತ್ತಿದ್ದಾಳೆ ಎಂದು ಜನ ನಕ್ಕರು.

ಕೇತಲೆ ಮಡಕೆಯನ್ನು ಎದೆಗೆ ಒತ್ತಿಕೊಂಡಳು. ಈಗ ಅವಳು ಹತ್ತು ವರ್ಷದ ಮಗುವಲ್ಲ. ಹಿಂದೆ ಕಾವಳವಿರಲಿಲ್ಲ, ಮುಂದೆ ಸಾವಿರಾರು ಜನ ಕೈಮುಗಿದು ನಿಂತಿದ್ದರು. ಒಂದು ಮಾತು ಹೇಳಿದರೆ ಅಕ್ಕ ಬದುಕುತ್ತಾಳೆ. ಆದರೆ ಆ ಮುಗಿದ ಕೈಗಳು? ಇವಳು ಹನ್ನೊಂದು ಊರು ತಿಂದವಳು, ಇವಳಿಗೆ ಇದೇ ಆಗಬೇಕು ಎಂದು ಮನಸ್ಸು ನೆವ ಹುಡುಕಿಕೊಟ್ಟಿತು. ಬೇಕೆಂದಾಗ ಮನಸ್ಸಿನಲ್ಲಿ ನೆವಕ್ಕೆ ಯಾವತ್ತೂ ಬರವಿಲ್ಲ.

"ನಮ್ಮವ್ವನದು," ಎಂದಳು. ಮುಚ್ಚಳ ತೆಗೆದಳು.

ಬಿಜ್ಜವ್ವ ಹಿಂದೆ ಸರಿಯಲಿಲ್ಲ. ಚಳಿಗೆ ಒಲೆಯ ಮುಂದೆ ಕೂತ ಮಗು ಹಿಡಿಯುವಂತೆ ಎರಡೂ ಅಂಗೈಗಳನ್ನು ಮಡಕೆಯ ಕಡೆ ಹಿಡಿದಳು. "ನಮ್ಮವ್ವನ ಒಲೆ ಕಣೇ. ಹಂಗೇ ಬೆಚ್ಚಗಿದೆ," ಎಂದಳು. ಆ ಮಾತು ಕೇತಲೆಯ ಕಿವಿಗೆ ಮಾತ್ರ ಬಿತ್ತು. ಮೊದಲು ಬೆರಳುಗಳು ಕರಗಿದವು, ಆಮೇಲೆ ತೋಳು. ಕೊನೆಗೆ ನೆಲ ಒದ್ದೆಯಾಯಿತು. ಜನ ಹೋ ಎಂದು ಕೂಗಿದರು.

ಅವತ್ತಿನಿಂದ ಕೇತಲೆಗೆ ತುತ್ತು ಇಳಿಯಲಿಲ್ಲ. ಎಂಟನೆಯ ದಿನ ಅರಮನೆಯಲ್ಲಿ ವಿಜಯದ ಊಟ. ಹಾಡುಗಾರ ಸಿರಿಯಣ್ಣ ಎದ್ದು ಅದೇ ಹಾಡು ಶುರು ಮಾಡಿದ. "ಬಿಜ್ಜವ್ವ ಅಸಡ್ಡೆ ಮಾಡಿದಳು" ಎಂಬ ಸಾಲಿಗೆ ಬರುತ್ತಲೇ ಕೇತಲೆ ಎಲೆಯ ಮುಂದಿನಿಂದ ಎದ್ದು ನಿಂತಳು.

"ನಿಲ್ಲಿಸಪ್ಪ. ಅದು ಸುಳ್ಳು," ಎಂದಳು. ಹಳ್ಳದಲ್ಲಿ ಜಾರಿದ್ದು, ದೊಡ್ಡ ಹೋಳು ಅಕ್ಕ ತನಗೆ ಕೊಟ್ಟದ್ದು, ಬಾಗಿಲಲ್ಲಿ ತಾನು ಆಡಿದ ಮಾತು, ಬಯಲಿನಲ್ಲಿ ಆಡಿದ ಮಾತು, ಒಂದನ್ನೂ ಬಿಡದೆ ಹೇಳಿದಳು. "ಈ ಕೆಂಡ ಬಿಜ್ಜವ್ವನ ಮನೆಯದು. ನಿಮ್ಮನ್ನೆಲ್ಲ ಕಾಪಾಡಿದ್ದು ಅವಳ ತಾಯಿಯ ಒಲೆ. ನಾನು ಅವಳ ಬೆಂಕಿಯಿಂದ ಅವಳನ್ನೇ ಕೊಂದೆ," ಎಂದು ಬಿಕ್ಕಿದಳು.

ಈಗ ಕಲ್ಲು ಬೀಳುತ್ತದೆ ಎಂದು ಕೇತಲೆ ಕಣ್ಣು ಮುಚ್ಚಿದಳು. ಬೀಳಲಿ ಎಂದು ಅವಳ ಮನಸ್ಸು ಬೇಡುತ್ತಿತ್ತು.

ಬಡಿಸುತ್ತಿದ್ದ ಮುದುಕಿಯೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಎಂಥಾ ತಾಯಿ ನೋಡ್ರವ್ವ! ಸತ್ತ ವೈರಿಗೂ ತನ್ನ ಪುಣ್ಯದಾಗೆ ಪಾಲು ಕೊಡ್ತಾಳೆ," ಎಂದಳು.

"ಇಲ್ಲಮ್ಮ, ನಿಜ ಹೇಳ್ತಿದ್ದೀನಿ!"

"ದೊಡ್ಡವರು ಹೀಗೇ ಅಲ್ವೇ, ತಪ್ಪೆಲ್ಲ ತಮ್ಮ ತಲೆ ಮೇಲೆ ಹಾಕ್ಕೊಳ್ತಾರೆ," ಎಂದ ಅರಸ, ಕೈಮುಗಿದು.

ಕೇತಲೆ ಕಿರುಚಿದಳು, ಆಣೆ ಇಟ್ಟಳು, ನೆಲಕ್ಕೆ ಬಿದ್ದು ಹೊರಳಿದಳು. ಅವಳು ಕಿರುಚಿದಷ್ಟೂ ಜನ ಬಾಗಿ ಬಾಗಿ ನಮಸ್ಕಾರ ಮಾಡಿದರು. ಬಾಗಿಲಲ್ಲಿ ಕೇಳಿದ್ದ ಗುರು ಸತ್ತಿದ್ದ. ಹೌದು ಎನ್ನಬಹುದಾಗಿದ್ದ ಒಬ್ಬಳೇ ಒಬ್ಬಳನ್ನು ಇವಳೇ ಕರಗಿಸಿದ್ದಳು. ಇನ್ನು ಸಾಕ್ಷಿ ಹೇಳುವವರು ಯಾರು?

ಸಿರಿಯಣ್ಣ ಅಲ್ಲೇ ಹೊಸ ಪದ ಕಟ್ಟಿದ: ವೀರೆ ಕೇತಲೆ ವೈರಿಗಾಗಿ ಅತ್ತಳು. ಹಾಡು ಮೊದಲಿಗಿಂತ ಉದ್ದವಾಯಿತು, ಕೇತಲೆ ಮೊದಲಿಗಿಂತ ದೊಡ್ಡವಳಾದಳು. ಬಿಜ್ಜವ್ವನ ಸಾಲು ಮಾತ್ರ ಇದ್ದ ಹಾಗೇ ಇತ್ತು. ಈಗಲೂ ಆ ನಾಡಿನ ಮಕ್ಕಳು ಬೀದಿಯಲ್ಲಿ ಈ ಹಾಡಿನ ಕತೆಯನ್ನೇ ಆಟವಾಗಿ ಆಡುತ್ತಾರಂತೆ. ಎಲ್ಲರಿಗೂ ಕೇತಲೆಯೇ ಆಗಬೇಕು. ಬಿಜ್ಜವ್ವನಾಗಲು ಯಾರೂ ಒಪ್ಪುವುದಿಲ್ಲವಾದ್ದರಿಂದ, ಗುಂಪಿನಲ್ಲಿ ಯಾರು ಬಡಕಲಾಗಿರುತ್ತಾರೋ ಅವರನ್ನು ಹಿಡಿದು ನಿಲ್ಲಿಸಿ, ನೀನೇ ಆಗು ಎನ್ನುತ್ತಾರಂತೆ.

ನೀತಿ: ಇನ್ನೊಬ್ಬರಿಗೆ ಸಲ್ಲಬೇಕಾದ ಸತ್ಯವನ್ನು ಅವರು ಎದುರಿಗಿರುವಾಗಲೇ ಹೇಳಿಬಿಡಿ. ಅವರು ಹೋದ ಮೇಲೆ ಹೇಳಿದರೆ ಅದೂ ನಿಮ್ಮ ಕೊರಳಿಗೇ ಹಾರವಾಗಿ ಬೀಳುತ್ತದೆ, ಅವರಿಗೆ ಮುಟ್ಟುವುದಿಲ್ಲ.