ಅಟ್ಟೆ ಕಿತ್ತ ಎಡ ಬೂಟು

ದ್ವೀಪದ ಬೆಟ್ಟ ಹತ್ತುತ್ತಿದ್ದ ಚಾರಣಿಗನಿಗೆ ಅಂದು ವಿಶ್ರಾಂತಿ. ಅವನು ತೆಂಗಿನ ಮರದ ನೆರಳಲ್ಲಿ ಕುಳಿತು, ದಬ್ಬಣ ಹಿಡಿದು ಚೀಲದ ಹರಿದ ಪಟ್ಟಿ ಹೊಲಿಯುತ್ತಿದ್ದ. ಅವನ ಬೂಟುಗಳೆರಡೂ ಮರಳಲ್ಲಿ ಒಣಗುತ್ತಿದ್ದವು.

“ನನ್ನ ಅಟ್ಟೆ ಕಿತ್ತುಬಂದಿದೆ” ಎಂದಿತು ಎಡ ಬೂಟು.

“ಅವನಿಗೆ ತೋರಿಸು. ದಬ್ಬಣ ಕೈಯಲ್ಲೇ ಇದೆ” ಎಂದಿತು ಬಲ ಬೂಟು.

“ನೋಡಿ ಎಸೆದುಬಿಟ್ಟರೆ? ಆಮೇಲೆ ಒಂಟಿಯಾದ ನಿನ್ನನ್ನು ಇಟ್ಟುಕೊಳ್ಳುತ್ತಾನೆಯೇ?”

ಬಲ ಬೂಟು ಮಾತು ಬದಲಿಸಿತು. “ಹಾಗಾದರೆ ಮರಳಿಗೆ ಒತ್ತಿಕೊಂಡು ಕೂರು. ಉಸಿರೆತ್ತಬೇಡ.”

ಪಟ್ಟಿ ಹೊಲಿದು ಮುಗಿಸಿ ಅವನು ಬೂಟುಗಳತ್ತ ಬಂದ. “ಇನ್ನೇನಾದರೂ ಹೊಲಿಯುವುದಿದೆಯಾ?” ಎನ್ನುತ್ತ ನೋಡಿದ. ಎಡ ಬೂಟು ಮರಳಿಗೆ ಇನ್ನಷ್ಟು ಒತ್ತಿಕೊಂಡಿತು. ಏನೂ ಕಾಣದೆ ಅವನು ದಬ್ಬಣವನ್ನು ಚೀಲದೊಳಗಿಟ್ಟ.

ಮರುದಿನ ಪಾಚಿಗಟ್ಟಿದ ಬಂಡೆಯ ಮೇಲೆ ಅಟ್ಟೆ ಪೂರ್ತಿ ಕಿತ್ತುಹೋಯಿತು. ಅವನು ಜಾರಿದವನು ಹೇಗೋ ಒಂದು ಬೇರು ಹಿಡಿದು ಬದುಕಿಕೊಂಡ. ಆಮೇಲೆ ಎರಡೂ ಬೂಟು ಕಳಚಿಟ್ಟು ಬರಿಗಾಲಲ್ಲಿ ಕೆಳಗಿಳಿದ.

ಬೂಟುಗಳೆರಡೂ ಬಂಡೆಯ ಮೇಲೆ ಜೋಡಿಯಾಗಿಯೇ ಉಳಿದವು.