ಹೆಸರು ಹೇಳುವಷ್ಟು ಉಸಿರು

"ಗುರುಗಳೇ, ನಾಳೆ ನನ್ನ ಕೈಗೆ ಮೊದಲ ಬಿಲ್ಲು ಬರುತ್ತದೆ. ಗೋಡೆಯ ಮೇಲೆ ಇರುವುದರಲ್ಲಿ ಯಾವುದನ್ನು ಇಳಿಸಿಕೊಳ್ಳಲಿ?" ಎಂದು ಶಿಷ್ಯ ಕೇಳಿದ.

ಗುರುಗಳು ಬಾಣಕ್ಕೆ ಗರಿ ಕಟ್ಟುತ್ತಿದ್ದರು. ತಲೆ ಎತ್ತಲಿಲ್ಲ.

"ನಿನ್ನ ಮನಸ್ಸು ಯಾವುದರ ಮೇಲಿದೆ?"

"ಆ ಕೊನೆಯದರ ಮೇಲೆ. ಎರಡೂ ತುದಿ ಆಚೆಗೆ ಹೊರಳಿವೆಯಲ್ಲ, ಅದು. ಎಲ್ಲಕ್ಕಿಂತ ಬಿಗಿ ಅದೇ ಅಂತೆ. ನಮ್ಮ ಊರಿನ ದಾರಿಯಲ್ಲಿ ಕಳ್ಳರ ಕಾಟ ಹೆಚ್ಚಾಗಿದೆ. ಮನೆಯಲ್ಲಿ ತಾಯಿ ಇದ್ದಾಳೆ. ಹಗುರದ್ದರಿಂದ ಶುರುಮಾಡಿ ನಿಧಾನವಾಗಿ ಕಲಿಯುತ್ತ ಕೂರುವಷ್ಟು ಪುರುಸೊತ್ತು ನನಗಿಲ್ಲ. ಕಣ್ಣು ಮುಚ್ಚಿದರೆ ನಮ್ಮ ಮನೆಯ ಬಾಗಿಲು ಬಡಿದ ಹಾಗಾಗುತ್ತದೆ."

ಗುರುಗಳು ದಾರವನ್ನು ಹಲ್ಲಿನಿಂದ ಕಡಿದರು. ಆಮೇಲೆ ಒಂದು ಕತೆ ಹೇಳಿದರು.

ಒಬ್ಬ ಕುರಿಗಾಹಿ ಇದ್ದ. ಬಯಲಿನಲ್ಲಿ ಅವನ ಗುಡಿಸಲು. ಗುಡಿಸಲ ಹಿಂದೆ ಮುಳ್ಳುಬೇಲಿಯ ಕುರಿದೊಡ್ಡಿ. ಮನೆಯಲ್ಲಿ ತಾಯಿ, ಮಗ, ತೊಟ್ಟಿಲಲ್ಲಿ ಮಗಳು, ಹೆಂಡತಿ.

ಆ ವರ್ಷ ಬಯಲಿಗೆ ತೋಳ ಬಂತು. ಮೊದಲು ಒಂದು ಮರಿ ಹೋಯಿತು. ಆಮೇಲೆ ಒಂದು ಟಗರು ಗಂಟಲು ಸೀಳಿಸಿಕೊಂಡು ಬಿದ್ದಿತ್ತು. ತೋಳ ಅದನ್ನು ತಿಂದಿರಲಿಲ್ಲ. ತಿನ್ನದೆ ಬಿಟ್ಟುಹೋದದ್ದೇ ಕುರಿಗಾಹಿಯನ್ನು ಹೆಚ್ಚು ಹೆದರಿಸಿತು. ಹಸಿದು ಬಂದದ್ದಾದರೆ ಹೊಟ್ಟೆ ತುಂಬಿದ ಮೇಲೆ ಹೋಗುತ್ತದೆ. ಇದು ಯಾವಾಗ ಹೋದೀತು? ಅವನು ತೊಟ್ಟಿಲನ್ನು ಬಾಗಿಲ ಬಳಿಯಿಂದ ಬಿಚ್ಚಿ ಒಲೆಯ ಹತ್ತಿರ ಕಟ್ಟಿದ. ಊಟಕ್ಕೆ ಕೂತರೆ ತುತ್ತನ್ನು ಅರ್ಧಕ್ಕೆ ಹಿಡಿದು ಕಿವಿಗೊಡುವನು. ಕೋಲು ಇತ್ತು, ಕವಣೆ ಇತ್ತು. ಸಾಲದು ಎನಿಸಿತು.

ಬಿಲ್ಲು ಮಾಡುವವನ ಊರು ಒಂದು ದಿನದ ದಾರಿ. ಒಳ್ಳೆಯ ಕಂಬಳಿಯೊಂದನ್ನು ಹೆಗಲಿಗೆ ಹಾಕಿಕೊಂಡು, ಅದನ್ನು ಕೊಟ್ಟು ಬಿಲ್ಲು ತರುತ್ತೇನೆಂದು ಹೊರಟ.

ಬಿಲ್ಲು ಮಾಡುವವನು ಮುದುಕ. ಅವನು ಒಂದು ಹಗುರ ಬಿಲ್ಲು ತೆಗೆದು ಕೊಟ್ಟ.

"ಹೊಸಬರಿಗೆ ಇದು ನೋಡಪಾ. ಇದನ್ನ ಎಳಿಯಾಕ ಕಲಿ. ಆಮ್ಯಾಲೆ ಬಾ, ಬ್ಯಾರೇದು ಕೊಡ್ತೀನಿ."

"ಯಜ್ಜಾ, ನಾ ಕಲಿಯೂತನಕ ತೋಳ ಕಾಯ್ಕೋತ ಕುಂದರತೈತೇನು?" ಎಂದ ಕುರಿಗಾಹಿ. ಗೋಡೆಗೆ ಒರಗಿಸಿಟ್ಟಿದ್ದ, ತುದಿ ಹೊರಳಿದ ಬಿಗಿ ಬಿಲ್ಲೊಂದರ ಕಡೆ ಕೈ ತೋರಿಸಿದ. "ಅದನ್ನ ಕೊಡು."

ಮುದುಕ ಬೇಡ ಎನ್ನಲಿಲ್ಲ. ಕೊಟ್ಟ. ಟಗರು ಎತ್ತಿ ಬೆಳೆದ ರಟ್ಟೆ ಕುರಿಗಾಹಿಯದು. ಹೆದೆಯನ್ನು ಕಿವಿಯವರೆಗೆ ಎಳೆದ, ಇಳಿಸಿದ.

"ಎಳದಿ. ಎಳಿಯೂದು ದೊಡ್ಡ ಮಾತಲ್ಲ," ಎಂದ ಮುದುಕ. "ಈಗ ಹೊಳ್ಳಿ ಎಳಿ. ಎಳದು ಹಿಡಕೊಂಡು ನಿಮ್ಮ ಮನಿಯವರ ಹೆಸರು ಹೇಳು."

"ಅದ್ಯಾಕ?"

"ಹೇಳೋ ಮಾರಾಯಾ. ಬಿಲ್ಲು ನಂದು, ಪದ್ಧತಿನೂ ನಂದು."

ಕುರಿಗಾಹಿ ಎಳೆದು ಹಿಡಿದ. "ಲಗಮವ್ವ," ಎಂದ. ಅದು ತಾಯಿಯ ಹೆಸರು. "ಬೀರಪ್ಪ," ಎಂದ. ಅದು ಮಗನದು. ಹಣೆಯ ನರ ಉಬ್ಬಿತು. ಮಗಳ ಹೆಸರು ಅರ್ಧ ಹೊರಗೆ ಬಂತು, ಅರ್ಧ ಎದೆಯಲ್ಲೇ ಉಳಿಯಿತು. ಹೆಂಡತಿಯ ಹೆಸರಿಗೆ ಬಾಯಿ ತೆರೆದ. ಏನೂ ಬರಲಿಲ್ಲ. ಹೆದೆ ಅವನ ಕೈಯನ್ನು ಜಗ್ಗಿಕೊಂಡು ಮುಂದಕ್ಕೆ ಹೋಯಿತು.

ಮುದುಕ ನಕ್ಕ. "ಯಾಕೋ, ಹೇಂತಿ ಹೆಸರು ಹೇಳಾಕ ನಾಚಿಕಿ ಬಂತೇನು? ಮದುವ್ಯಾಗೂ ಹಿಂಗ ಬಾಯಿ ತಗದು ನಿಂತಿದ್ದೇನು?"

ನಾಚಿಕೆ ಅಲ್ಲ. ಉಸಿರು ಇರಲಿಲ್ಲ. ಅದು ಕುರಿಗಾಹಿಗೆ ಗೊತ್ತಿತ್ತು. ಆದರೆ ಹೆಂಡತಿಯ ಹೆಸರನ್ನು ಹೊರಗಿನವರ ಮುಂದೆ ಹೇಳುವ ರೂಢಿ ಅವರಲ್ಲಿ ಇರಲಿಲ್ಲ. ತಪ್ಪಿಸಿಕೊಳ್ಳುವ ದಾರಿಯನ್ನು ಮುದುಕನೇ ತೋರಿಸಿದ ಹಾಗಾಯಿತು.

"ಹೂಂ ಯಜ್ಜಾ, ನಾಚಿಕಿ," ಎಂದ.

ಮುದುಕ ಮುಂದೆ ಒತ್ತಾಯ ಮಾಡಲಿಲ್ಲ. ಕಂಬಳಿ ಮಡಚಿ ಒಳಗಿಟ್ಟ. ಬಾಗಿಲತನಕ ಬಂದು ಹೇಳಿದ: "ಮನಿಗೆ ಹೋಗಿ, ಯಾರೂ ಇಲ್ಲದಾಗ ಎಳದು ಹಿಡಕೊಂಡು ಆಕಿ ಹೆಸರು ಹೇಳಿ ನೋಡು. ಪೂರಾ ಬಂದ್ರ ಬಿಲ್ಲು ನಿಂದು. ಬರಲಿಲ್ಲಂದ್ರ ಹೊಳ್ಳಿ ತಂದು ಹಗುರದ್ದು ಒಯ್ಯಿ. ಮರೀಬ್ಯಾಡ."

ಕುರಿಗಾಹಿ ಮರೆಯಲಿಲ್ಲ. ಮನೆಗೆ ಬಂದವನು ದೊಡ್ಡಿಯ ಹಿಂದೆ ನಿಂತು ಎಳೆದು ನೋಡಿದ. ಹೆಸರು ಬರಲಿಲ್ಲ. ಆಗಲೇ ಹೆಂಡತಿ ಕುರಿಹಿಕ್ಕೆಯ ಬುಟ್ಟಿ ಹೊತ್ತುಕೊಂಡು ಆ ಕಡೆ ಬಂದಳು.

"ಏನ್ರೀ, ನನ್ನ ನೋಡಿ ಕಪ್ಪಿಹಂಗ ಬಾಯಿ ತಗದೀರಿ?"

ಅವನು ಬಿಲ್ಲು ಇಳಿಸಿ, ಮುದುಕ ಹೇಳಿದ್ದನ್ನು ಹೇಳಿದ. ಅವಳಿಗೆ ನಗು ಬಂತು. ನಕ್ಕು, ಆಮೇಲೆ ಬಿಲ್ಲನ್ನು ನೋಡಿದಳು.

"ಕೊಟ್ಟು ಬರ್ರಿ ಅದನ್ನ. ನನ್ನ ಹೆಸರೇನು ಅಷ್ಟು ಭಾರಿಲ್ಲ."

ನಾಳೆ ಹೋಗುತ್ತೇನೆ ಎಂದ. ನಾಳೆ ಆಯಿತು, ಹೋಗಲಿಲ್ಲ. ಹೋಗಿ ಬರುವುದೆಂದರೆ ಒಂದು ರಾತ್ರಿ ಹೊರಗೆ ಉಳಿಯಬೇಕು. ಆ ರಾತ್ರಿ ಮನೆಯಲ್ಲಿ ಬಿಲ್ಲೂ ಇಲ್ಲ, ಗಂಡಸೂ ಇಲ್ಲ. ತೋಳ ಅವತ್ತೇ ಬಂದರೆ? ಹಳ್ಳದ ಆಚೆಯ ಹಟ್ಟಿಯಲ್ಲಿ ನಾಯಿಯೇ ಹೋಯಿತು ಎಂದು ಸುದ್ದಿ ಬಂತು. ಇನ್ನೆರಡು ದಿನ ನೋಡೋಣ ಎಂದ. ಬಿಲ್ಲು ಬಂದ ಮೇಲಾದರೂ ಅವನ ಭಯ ಹೋಗಬೇಕಿತ್ತು. ಹೋಗಲಿಲ್ಲ. ಅದನ್ನು ಮಗ್ಗುಲಲ್ಲಿ ಇಟ್ಟುಕೊಂಡೇ ಮಲಗುವನು, ಎಲೆ ಅಲುಗಿದರೆ ಏಳುವನು. ಹೆಂಡತಿ ಮತ್ತೊಮ್ಮೆ ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟಳು.

ಒಂದು ಸಂಜೆ ಕುರಿಗಳು ದೊಡ್ಡಿಯ ಒಂದೇ ಮೂಲೆಗೆ ಒತ್ತಿ ನಿಂತವು. ದೊಡ್ಡಿಯ ಬಾಗಿಲಲ್ಲಿ ಕೂತಿದ್ದ ಕುರಿಗಾಹಿ ಬಿಲ್ಲು ತೆಗೆದುಕೊಂಡು ಎದ್ದ. ಕತ್ತಲಾಗುತ್ತಿತ್ತು. ಗುಡಿಸಲಿಂದ ಹೊಗೆ ಏಳುತ್ತಿತ್ತು. ಹೆಂಡತಿ ಒಲೆಯ ಮುಂದೆ ಇದ್ದಾಳೆ ಎಂದುಕೊಂಡ.

ಅವಳು ಒಲೆಯ ಮುಂದೆ ಇರಲಿಲ್ಲ. ಹಿಂದಿನ ಬೇಲಿಯಲ್ಲಿ ಮುಳ್ಳು ಸರಿದು ಸಂದಿಯಾದದ್ದು ಹಗಲೇ ಅವಳ ಕಣ್ಣಿಗೆ ಬಿದ್ದಿತ್ತು. ಹೇಳಿದರೆ ಗಂಡ ಗಾಬರಿಯಾಗುತ್ತಾನೆಂದು ಹೇಳಿರಲಿಲ್ಲ. ಹೆಂಚು ಕಾಯಲಿ ಎಂದು ಒಲೆಗಿಟ್ಟು, ತಲೆಯ ಮೇಲೆ ಕರಿ ಕಂಬಳಿ ಎಳೆದುಕೊಂಡು, ಸಂದಿಗೆ ಮುಳ್ಳು ತುರುಕಲು ಹೋಗಿದ್ದಳು.

ಬೇಲಿಯ ಬುಡದಲ್ಲಿ ಕರ್ರಗೆ ಏನೋ ಬಗ್ಗಿತ್ತು. ಅಲುಗಿತು. ಕುರಿಗಾಹಿ ಬಾಣ ಹೂಡಿ ಕಿವಿಯವರೆಗೆ ಎಳೆದ.

ಎಳೆದ ಮೇಲೆ ಅನುಮಾನ ಬಂತು. ತೋಳ ಇಷ್ಟು ಹೊತ್ತು ಒಂದೇ ಕಡೆ ಇರುವುದಿಲ್ಲ. ಯಾರು ಎಂದು ಕೇಳಬೇಕು. ಒಂದೇ ಮಾತು. ಬಾಯಿ ತೆರೆದ. ಇದ್ದ ಉಸಿರೆಲ್ಲ ಬಿಲ್ಲು ಹಿಡಿಯುವುದಕ್ಕೇ ಹೋಗಿತ್ತು. ಹೆದೆಯನ್ನು ಮೆಲ್ಲಗೆ ಇಳಿಸೋಣ ಎಂದರೆ ಅದಕ್ಕೂ ರಟ್ಟೆಯಲ್ಲಿ ಬಲ ಬೇಕು. ಅದೂ ಮುಗಿದಿತ್ತು. ಬೆರಳು ಜಾರಿತು.

ಬಾಣ ನೆಟ್ಟಗೆ ಹೋಯಿತು. ಬಿಲ್ಲು ಒಳ್ಳೆಯದಿತ್ತು.

ಅವನು ಬಿಲ್ಲು ಬಿಸಾಡಿ ಓಡಿದ. ಕಂಬಳಿ ಸರಿಸಿದ. "ಮಾಳವ್ವಾ," ಎಂದ. ಈಗ ಹೆಸರು ಪೂರ್ತಿ ಬಂತು. ಮತ್ತೆ ಕರೆದ. ಹಳ್ಳದ ಆಚೆಯವರಿಗೂ ಕೇಳಿಸುವ ಹಾಗೆ ಕರೆದ. ಓ ಎನ್ನುವವಳು ಇರಲಿಲ್ಲ.

ಒಳಗೆ ಹೆಂಚು ಕಾಯುತ್ತಲೇ ಇತ್ತು. ನಾದಿಟ್ಟ ಹಿಟ್ಟು ಪರಾತದಲ್ಲೇ ಒಣಗಿತು. ತೋಳ ಆ ರಾತ್ರಿ ಬರಲಿಲ್ಲ.

ಗುರುಗಳು ಕತೆ ಮುಗಿಸಿದರು. ಇನ್ನೊಂದು ಗರಿ ಕೈಗೆತ್ತಿಕೊಂಡರು.

ಶಿಷ್ಯ ಗೋಡೆ ನೋಡಿದ. ಅವನ ಕಣ್ಣು ಮತ್ತೆ ಆ ಕೊನೆಯ ಬಿಲ್ಲಿಗೇ ಹೋಯಿತು.

"ಅವನು ಪಾಪ, ಕಲಿಯದವನು, ಗುರುಗಳೇ. ನನ್ನದು ಗರಡಿಯಲ್ಲಿ ಸಾಮು ಮಾಡಿದ ಮೈ. ನನಗೆ ಹಾಗಾಗಲಿಕ್ಕಿಲ್ಲ."

"ಇಳಿಸಿಕೋ," ಎಂದರು ಗುರುಗಳು.

ಶಿಷ್ಯ ಬಿಲ್ಲು ಇಳಿಸಿಕೊಂಡ. ಎಳೆದ. ಹೆದೆ ಕಿವಿಯವರೆಗೆ ಬಂತು. ನೋಡಿದಿರಾ ಎಂಬಂತೆ ಗುರುಗಳ ಕಡೆ ತಿರುಗಿದ. ಗುರುಗಳು ಅವಸರ ಮಾಡಲಿಲ್ಲ. ಗರಿಗೆ ದಾರ ಸುತ್ತಿದರು. ಗಂಟು ಹಾಕಿದರು. ದಾರ ಕಡಿದರು. ಶಿಷ್ಯನ ಭುಜ ಸಣ್ಣಗೆ ಅದುರತೊಡಗಿತು. ಆಗ ತಲೆ ಎತ್ತಿದರು.

"ಈಗ ನಿನ್ನ ತಾಯಿಯ ಹೆಸರು ಹೇಳು."

ಶಿಷ್ಯ ಬಾಯಿ ತೆರೆದ.