ಕೇಳಲು ಬಂದವಳು

ಏನನ್ನೂ ಕೇಳದೆ ಎಲ್ಲರ ಮಾತನ್ನೂ ಕೇಳುವ ಪರಶಿವನಿಗೆ ಮೊದಲು ಶರಣು. ನಮ್ಮ ಗುರುಗಳು ಒಂದು ಸೋಮವಾರ ಪೂಜೆ ಮುಗಿಸಿ ಹೇಳಿದ ಕತೆ ಇದು. ಅವರು ಹೇಳಿದ ಹಾಗೆಯೇ ಬರೆಯುವ ಶಕ್ತಿಯನ್ನು ಅವನೇ ಕೊಡಲಿ.

ಶಿಷ್ಯ ಸಿದ್ಧಮಲ್ಲಪ್ಪ ಗುರುಗಳಿಗೆ ಅಡ್ಡಬಿದ್ದು ಕೇಳಿದ:

"ಬುದ್ಧಿ, ನನ್ನ ಮಗಳು ಕಾತ್ಯಾಯಿನಿ ಮನಶ್ಶಾಸ್ತ್ರ ಓದುತ್ತೇನೆ ಎನ್ನುತ್ತಾಳೆ. ಸಾಲ ಮಾಡದೆ ಆಗುವುದಿಲ್ಲ. ಅದನ್ನು ಓದಿದವರಿಗೆ ಮೊದಮೊದಲು ಸಿಗುವ ಸಂಬಳ ಎಷ್ಟೆಂದು ವಿಚಾರಿಸಿದೆ. ಕಂತು ಕಟ್ಟಿದರೆ ಊಟಕ್ಕಿಲ್ಲ, ಊಟ ಮಾಡಿದರೆ ಕಂತಿಗಿಲ್ಲ. ಆ ಸಾಲ ತೀರುತ್ತದೆಯೇ? ಅದೊಂದನ್ನು ಹೇಳಿ, ಧೈರ್ಯ ಮಾಡುತ್ತೇನೆ."

ಗುರುಗಳು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಬಳೆಗಾರನಿದ್ದ. ಅವನಿಗೊಬ್ಬಳು ಮಗಳು. ಅಪ್ಪ ಬಳೆ ತೊಡಿಸುವಾಗ ಅವಳು ಪಕ್ಕದಲ್ಲಿ ಕೂತಿರುತ್ತಿದ್ದಳು. ಬಳೆ ತೊಡುವ ಹೆಂಗಸರು ಕೈಯನ್ನು ಬಳೆಗಾರನಿಗೆ ಕೊಟ್ಟು ಮನಸ್ಸನ್ನು ಅವಳಿಗೆ ಕೊಡುತ್ತಿದ್ದರು. "ಹೇಳಕ್ಕ, ಕೇಳ್ತೀನಿ" ಎನ್ನುತ್ತಿದ್ದಳು. ಅಷ್ಟೇ. ಹೇಳಿಕೊಂಡವರು ಹಗುರಾಗಿ ಏಳುತ್ತಿದ್ದರು.

ಆ ಬೀದಿಯಲ್ಲಿ ಒಬ್ಬ ಹೂವಾಡಗಿತ್ತಿ ಇದ್ದಳು. ಮಗಳನ್ನು ಅನುಕೂಲಸ್ಥರ ಮನೆಗೆ ಕೊಟ್ಟಿದ್ದಳು. ಬಡತನ ಬೀಗರಿಗೆ ತಿಳಿದರೆ ಮಗಳು ಅಲ್ಲಿ ತಲೆ ಎತ್ತಲಾರಳು ಎಂಬ ಅಂಜಿಕೆಯನ್ನು ಗಂಡನಿಗೂ ಹೇಳದೆ ಈ ಹುಡುಗಿಗೆ ಹೇಳಿ ಅತ್ತಿದ್ದಳು.

ಇವಳಿಗೆ ದೇವರು ಕಿವಿ ಕೊಟ್ಟಿದ್ದಾನೆ, ಮನಸ್ಸಿನ ಶಾಸ್ತ್ರವನ್ನೇ ಓದಿಸು ಎಂದರು ಊರವರು. ಬಳೆಗಾರ ಸಾಹುಕಾರನ ಬಳಿಗೆ ಹೋದ. ಓದಿಗೆ ಕೊಡುವ ಸಾಲ ಪುಣ್ಯದ ಸಾಲ ಎಂದು ಸಾಹುಕಾರ ಕೊಟ್ಟ. ಬಡ್ಡಿಯಲ್ಲಿ ಮಾತ್ರ ಪುಣ್ಯವಿರಲಿಲ್ಲ.

ಹುಡುಗಿ ಓದಿದಳು. ಒಂದು ಧರ್ಮಾಸ್ಪತ್ರೆಯಲ್ಲಿ ಮನಸ್ಸು ನೊಂದವರ ಮಾತು ಕೇಳುವ ಕೆಲಸ ಸಿಕ್ಕಿತು. ಆ ಕೆಲಸ ಅವಳಿಗೆ ಜಪದಂತಿತ್ತು. ಆದರೆ ಸಂಬಳ ಬಂದ ದಿನವೇ ಕಂತಿಗೆ ಹೋಗುತ್ತಿತ್ತು, ಅದೂ ಸಾಲುತ್ತಿರಲಿಲ್ಲ. ಅವಳ ಬಸ್ಸಿನ ಖರ್ಚಿಗೆ ಮುದಿ ಬಳೆಗಾರ ಮತ್ತೆ ಬಳೆಯ ಮಲಾರ ಹೊತ್ತು ಬೀದಿ ಸುತ್ತಿದ. ಇನ್ನೂ ಕೆಲವು ವರ್ಷ ಕಳೆದರೆ ಸಂಬಳ ಏರುತ್ತದೆ ಎಂದು ಅವಳು ಕಾದಳು. ಬಡ್ಡಿ ಕಾಯಲಿಲ್ಲ.

ಆಗ ಸಾಹುಕಾರ ಅವಳನ್ನು ಕರೆಸಿದ.

"ಯಾಕೆ ತಾಯಿ ಒದ್ದಾಡ್ತೀಯ? ನನ್ನ ಹತ್ರ ಬಾ. ಆಸ್ಪತ್ರೆಯವರು ಕೊಡೋದರ ಮೂರರಷ್ಟು ಕೊಡ್ತೀನಿ. ವಸೂಲಿಗೆ ಹೋಗೋ ನನ್ನ ಆಳುಗಳಿಗೆ ಬಾಗಿಲು ಬಡಿಯೋದೊಂದೇ ಗೊತ್ತು. ಎಲ್ಲಿ ಬಡಿದರೆ ತೆರೆಯುತ್ತೆ ಅಂತ ನೀನು ಓದಿದ್ದೀಯ."

"ನಾನು ಓದಿದ್ದು ಅದಕ್ಕಲ್ಲ, ಧಣಿ."

"ಯಾವುದಕ್ಕೆ ಓದಿದೆ ಅಂತ ನಾನು ಯಾವತ್ತಾದ್ರೂ ಕೇಳಿದ್ನಾ? ಕಂತು ಕೇಳಿದೆ, ಅಷ್ಟೇ."

ಸಾಲ ತೀರುವ ತನಕ ಮಾತ್ರ ಎಂದುಕೊಂಡು ಅವಳು ಒಪ್ಪಿದಳು. ಯಾರ ಮನೆಯ ಮುಂದೆಯೂ ದನಿ ಎತ್ತಲಿಲ್ಲ. ಕೂತು ಮಾತಾಡಿಸಿದಳು, ಯಾರಿಗೆ ಯಾವ ಅಂಜಿಕೆ ಎಂದು ತಿಳಿದುಕೊಂಡಳು, ಅಲ್ಲಿ ಮೆಲ್ಲಗೆ ಬೆರಳಿಟ್ಟಳು. ವಸೂಲಿ ಚೆನ್ನಾಗಿ ಆಯಿತು. ಹೂವಾಡಗಿತ್ತಿಯೂ ಸಾಹುಕಾರನಿಗೆ ಬಾಕಿ ಉಳಿಸಿಕೊಂಡಿದ್ದಳು. ಅವಳ ಮನೆಗೂ ಹೋಗಿ, "ಈ ವಿಷಯ ಬೀಗರ ಕಿವಿಗೆ ಬೀಳೋದು ಬೇಡ ಅಲ್ವಾ ಅಕ್ಕ?" ಎಂದಳು. ಸಂಜೆಯೊಳಗೆ ಹಣ ಬಂತು.

ಹೀಗೆ ಅವಳ ಸಾಲ ಅವಧಿಗೆ ಮುಂಚೆಯೇ ತೀರಿತು. ಅಂದೇ ಸಾಹುಕಾರನಿಗೆ ಕೈಮುಗಿದು ಕೆಲಸ ಬಿಟ್ಟಳು. ದೇವಸ್ಥಾನಕ್ಕೆ ಹೋಗಿ ಕಾಯಿ ಒಡೆಸಿದಳು. ಅಲ್ಲಿಂದ ನೇರವಾಗಿ ತನ್ನ ಬೀದಿಗೆ ಬಂದಳು. ಹೂವಾಡಗಿತ್ತಿ ಜಗುಲಿಯ ಮೇಲೆ ಮಾಲೆ ಕಟ್ಟುತ್ತಿದ್ದಳು. ತುಂಬಾ ಸೊರಗಿದ್ದಳು. ಹುಡುಗಿ ಹಿಂದಿನಂತೆ ಪಕ್ಕದಲ್ಲಿ ಕೂತಳು.

"ಹೇಗಿದ್ದೀಯ ಅಕ್ಕ? ಕೇಳೋಣ ಅಂತ ಬಂದೆ."

ಹೂವಾಡಗಿತ್ತಿ ಮಾಲೆಯನ್ನು ಬದಿಗಿಟ್ಟಳು.

"ಈ ತಿಂಗಳು ಕೈಯಲ್ಲಿ ಏನೂ ಇಲ್ಲ ಕಣವ್ವ. ಬೀಗರಿಗೆ ಮಾತ್ರ ಹೇಳಬೇಡ" ಎಂದು ಕಿವಿಯ ಓಲೆ ಬಿಚ್ಚತೊಡಗಿದಳು.

"ಅಯ್ಯೋ, ಅದಕ್ಕಲ್ಲ ಅಕ್ಕ. ಕೇಳೋದಕ್ಕೆ ಬಂದೆ, ಬರೀ ಕೇಳೋದಕ್ಕೆ."

"ಗೊತ್ತವ್ವ. ನೀನು ಅದಕ್ಕೇ ತಾನೇ ಬರೋದು" ಎಂದು ಹೂವಾಡಗಿತ್ತಿ ಓಲೆಯನ್ನು ಅವಳ ಅಂಗೈಯಲ್ಲಿಟ್ಟು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಇಷ್ಟು ಹೇಳಿ ಗುರುಗಳು ಕಣ್ಣು ಮುಚ್ಚಿದರು. ಸಿದ್ಧಮಲ್ಲಪ್ಪ ಕಾದ. ಕೊನೆಗೆ, "ಬುದ್ಧಿ, ನಾನು ಕೇಳಿದ್ದಕ್ಕೆ..." ಎಂದ.

ಗುರುಗಳು ಹೇಳಿದರು: "ಹೆದರಬೇಡಪ್ಪ, ಸಾಲ ತೀರುತ್ತದೆ."



ಈ ಕತೆಗೆ ಕಿವಿಗೊಟ್ಟ ಎಲ್ಲರ ಮನೆಯಲ್ಲೂ ಓದುವ ಮಕ್ಕಳಿರಲಿ. ಅವರ ಓದು ಯಾರ ಕಣ್ಣಲ್ಲೂ ನೀರು ತರಿಸದಿರಲಿ. ನೀವು ಹೇಳಿಕೊಂಡದ್ದು ಶಿವನ ಕಿವಿಯಲ್ಲೇ ಉಳಿಯಲಿ.